ಮೊದಲು ವೇಗ, ಆಮೇಲೆ ದಾರಿ

ಹೋದ ಭಾನುವಾರ ಐದಡಿ ದೂರದ ಪಟ್ ತಪ್ಪಿಸಿದೆ. ಜೊತೆಗಿದ್ದ ಗೆಳೆಯ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಮನೆಗೆ ಬಂದು ಯೋಚಿಸಿದಾಗ ಗೊತ್ತಾಗಿದ್ದು, ನಿಜವಾದ ತಪ್ಪು ಅದಕ್ಕೆ ಮುಂಚಿನ ಮೂವತ್ತಡಿಯ ಪಟ್‌ನಲ್ಲಿತ್ತು. ದಾರಿ ಸರಿಯಿತ್ತು, ಜೋರು ಹೆಚ್ಚಾಗಿತ್ತು. ಚೆಂಡು ಹೋಲ್ ದಾಟಿ ಐದಡಿ ಆಚೆ ಹೋಗಿ ನಿಂತಿತ್ತು.

ಗಾಲ್ಫ್ ಕಲಿಯೋ ನಮ್ಮಂಥವರು ದುಡ್ಡು ಹಾಕೋದು ಡ್ರೈವರ್ ಮೇಲೆ. ಆದರೆ ಪಾರ್ 72ರ ಕೋರ್ಸ್‌ನಲ್ಲಿ ಒಂದೊಂದು ಹೋಲ್‌ಗೆ ಎರಡು ಪಟ್ ಅಂತ ಲೆಕ್ಕ. ಅಂದರೆ 36 ಹೊಡೆತ, ಸರಿಯಾಗಿ ಅರ್ಧ ಆಟ!

ಚಿಕ್ಕಂದಿನಲ್ಲಿ ಗೋಲಿ ಆಡಿದ್ದರೆ ಈ ವಿಷಯ ನಿಮಗೆ ಗೊತ್ತೇ ಇದೆ. ಗುರಿ ಎಷ್ಟೇ ಸರಿಯಿದ್ದರೂ ಜೋರಾಗಿ ಬಿಟ್ಟ ಗೋಲಿ ಗುಳಿಯ ಅಂಚಿಗೆ ತಾಗಿ ಹಾರಿಹೋಗುತ್ತೆ. ಮೆಲ್ಲಗೆ ಬಂದದ್ದು ಅಂಚಲ್ಲಿ ಒದ್ದಾಡಿಯಾದರೂ ಒಳಗೆ ಬೀಳುತ್ತೆ. ಗಾಲ್ಫ್ ಹೋಲ್‌ನ ಅಗಲ 108 ಮಿಲಿಮೀಟರ್. ಆದರೆ ಚೆಂಡು ವೇಗವಾಗಿ ಬಂದಷ್ಟೂ ಅದಕ್ಕೆ ಹೋಲ್ ಚಿಕ್ಕದಾಗುತ್ತಾ ಹೋಗುತ್ತೆ. ತಪ್ಪಿದರೆ ಸುಮಾರು 17 ಇಂಚು ಆಚೆ ನಿಲ್ಲುವ ವೇಗ ಒಳ್ಳೇದು ಅಂತ ಅಮೆರಿಕದ ತರಬೇತುದಾರ ಡೇವ್ ಪೆಲ್ಜ್ ಹೇಳಿಕೊಟ್ಟರು.

ಇನ್ನು ಗ್ರೀನ್ ಓದೋದು. ನಮ್ಮ ಮನೆ ತಾರಸಿ ನೆನಪಿಸಿಕೊಳ್ಳಿ. ಕಣ್ಣಿಗೆ ಸಮತಟ್ಟು ಕಾಣುತ್ತೆ, ಒಂದು ಬಕೆಟ್ ನೀರು ಸುರಿದರೆ ಸೀದಾ ಮೂಲೆಯ ಪೈಪಿಗೆ ಓಡುತ್ತೆ. ಗ್ರೀನ್ ಮೇಲೂ ಅದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ನೀರು ಸುರಿದರೆ ಯಾವ ಕಡೆ ಹರಿಯುತ್ತೆ? ಇಳಿಜಾರಿನ ಕೆಳಗಿನ ಬದಿಗೆ ಹೋಗಿ ನಿಂತು ನೋಡಿದರೆ ಓರೆ ಚೆನ್ನಾಗಿ ಕಾಣುತ್ತೆ. ಹೋಲ್‌ನ ಸುತ್ತಲಿನ ಮೂರು ನಾಲ್ಕು ಅಡಿಯನ್ನು ಇನ್ನೂ ಗಮನವಿಟ್ಟು ನೋಡಿ. ಚೆಂಡು ನಿಧಾನವಾಗೋದು ಅಲ್ಲಿ, ಹೆಚ್ಚು ತಿರುಗೋದೂ ಅಲ್ಲೇ.

ಎರಡೂ ಸೇರೋದು ಇಲ್ಲಿಯೇ. ಅದೇ ಇಳಿಜಾರಿನಲ್ಲಿ ಜೋರಾಗಿ ಹೊಡೆದರೆ ಚೆಂಡು ಕಡಿಮೆ ತಿರುಗುತ್ತೆ, ಮೆಲ್ಲಗೆ ಹೊಡೆದರೆ ಹೆಚ್ಚು. ಆದ್ದರಿಂದ ವೇಗ ನಿರ್ಧಾರ ಮಾಡದೆ ದಾರಿ ಹುಡುಕೋದಕ್ಕೆ ಅರ್ಥವೇ ಇಲ್ಲ. ಬೆಳಗ್ಗೆ ಇಬ್ಬನಿ ಇದ್ದಾಗ ಗ್ರೀನ್ ನಿಧಾನ, ಬಿಸಿಲೇರಿ ಒಣಗಿದ ಮೇಲೆ ಚುರುಕು. ಎಂಟು ಗಂಟೆಯ ಓದು ಹನ್ನೊಂದು ಗಂಟೆಗೆ ನಡೆಯಲ್ಲ.

ಅಭ್ಯಾಸಕ್ಕೆ ಗ್ರೀನ್ ಬೇಕೇ ಬೇಕು ಅಂತಿಲ್ಲ. ಬಸವನಗುಡಿಯ ನಮ್ಮ ಹಳೇ ಮನೆಯ ರೆಡ್ ಆಕ್ಸೈಡ್ ನೆಲದಲ್ಲಿ ಗೋಡೆಯಿಂದ ಒಂದಡಿ ಈಚೆ ಒಂದು ನಾಣ್ಯ ಇಡುತ್ತೇನೆ. ಚೆಂಡು ನಾಣ್ಯ ದಾಟಬೇಕು, ಗೋಡೆ ಮುಟ್ಟಬಾರದು. "ಗೋಡೆಗೆ ಹೊಡೀಬೇಡ ಕಣೋ, ಸುಣ್ಣ ಉದುರುತ್ತೆ" ಅಂತ ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಾರೆ. ಅದಕ್ಕಿಂತ ಒಳ್ಳೆ ಕೋಚ್ ಬೇಕೆ? ಕೋರ್ಸ್‌ಗೆ ಹೋದ ದಿನ ಆಟಕ್ಕೆ ಮುಂಚೆ ಹತ್ತು ನಿಮಿಷ 10, 20, 30 ಅಡಿಗೆ ಒಂದೊಂದು ಚೆಂಡು ಬಿಡಿ. ಹೋಲ್ ನೋಡಬೇಡಿ, ಎಲ್ಲಿ ನಿಲ್ಲುತ್ತೆ ಅಂತಷ್ಟೇ ನೋಡಿ. ಲಯ ಒಂದೇ ಇರಲಿ, ದೂರಕ್ಕೆ ತಕ್ಕಂತೆ ಪಟ್ಟರ್ ಹಿಂದಕ್ಕೆ ಹೋಗುವ ಅಳತೆ ಮಾತ್ರ ಬದಲಾಗಲಿ.

ಸ್ಯಾಂಕಿ ರಸ್ತೆಯ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಆದರೆ ಗಾಲ್ಫ್ ನೋಡೋಕೆ ನಮ್ಮ ಮನೆಯವರೆಲ್ಲ ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತಿದ್ದು 2021ರ ಆಗಸ್ಟ್ 7ರಂದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮೂರ ಅದಿತಿ ಅಶೋಕ್ ಆಡುವಾಗ. ಡ್ರೈವ್ ದೂರದಲ್ಲಿ ಹಿಂದಿದ್ದರೂ ಪಟ್ಟರ್ ನಂಬಿಕೊಂಡೇ ದೈತ್ಯರ ಜೊತೆ ಪೈಪೋಟಿ ಕೊಟ್ಟರು. 15 ಅಂಡರ್ ಪಾರ್, ನಾಲ್ಕನೇ ಸ್ಥಾನ. ಕಂಚು ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ.

ಆ ಒಂದು ಹೊಡೆತದ ಬೆಲೆ ಅವತ್ತು ಇಡೀ ದೇಶಕ್ಕೆ ಗೊತ್ತಾಯಿತು. ನನಗೆ ಗೊತ್ತಾಗೋಕೆ ಹೋದ ಭಾನುವಾರ ಬರಬೇಕಾಯಿತು. ಈ ಭಾನುವಾರ ಮೂವತ್ತಡಿಯಿಂದ ಹೋಲ್‌ಗೆ ಹಾಕೋ ಆಸೆ ಬಿಟ್ಟು, ಹತ್ತಿರ ನಿಲ್ಲಿಸೋದನ್ನಷ್ಟೇ ನೋಡುತ್ತೇನೆ. ನೀವೂ ಮಾಡಿ ನೋಡಿ.