ಕಲ್ಲು ಮತ್ತು ಬೆಳಕು

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಹಿರಿಯರ ಮಾತು. ಈ ಎಚ್ಚರಿಕೆಗೆ ವಿಜ್ಞಾನದ ಚರಿತ್ರೆಯಲ್ಲಿ ಒಂದು ಸೊಗಸಾದ ನಿದರ್ಶನವುಂಟು.

1984ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಸಂಶೋಧಕರ ತಂಡವೊಂದು ಅಂಟಾರ್ಕ್ಟಿಕಾದ ಅಲನ್ ಬೆಟ್ಟಗಳ ಬಳಿ ಉಲ್ಕಾಶಿಲೆಗಳನ್ನು ಅರಸುತ್ತಿತ್ತು. ಆ ತಂಡದ ರಾಬರ್ಟಾ ಸ್ಕೋರ್ ಎಂಬಾಕೆಗೆ ಸುಮಾರು 2 ಕಿಲೋಗ್ರಾಂ ತೂಕದ ಕಲ್ಲೊಂದು ದೊರೆಯಿತು. ನೀಲಿ ಹಿಮದ ಮೇಲೆ ಅದು ಹಸಿರಾಗಿ ಕಂಡಿತ್ತು. ಹೂಸ್ಟನ್ನಿನ ಪ್ರಯೋಗಾಲಯದಲ್ಲಿ ಬಿಚ್ಚಿ ನೋಡಿದಾಗ ಅದು ಬರಿಯ ಬೂದುಬಣ್ಣದ ಕಲ್ಲು! ಕಲ್ಲು ಬದಲಾಗಿರಲಿಲ್ಲ, ಸುತ್ತಣ ಬೆಳಕು ಬದಲಾಗಿತ್ತು. ಅದು ಮಂಗಳಗ್ರಹದಿಂದ ಬಂದ ಶಿಲೆಯೆಂಬುದು 1993ರಲ್ಲಿ ತಿಳಿದುಬಂದಿತು.

ಆದುದರಿಂದ ಉಲ್ಕಾಶಿಲೆಯ ಚಿತ್ರ ತೆಗೆಯುವವರು ಕ್ಯಾಮೆರಾಕ್ಕಿಂತ ಮೊದಲು ಬೆಳಕನ್ನು ಹತೋಟಿಗೆ ತಂದುಕೊಳ್ಳಬೇಕು. ಹೊರಗಿನ ಬೆಳಕು ನುಸುಳದ ಕತ್ತಲೆಯ ಗೂಡು, ನಿಶ್ಚಿತ ಕೋನಗಳಲ್ಲಿ ನಿಲ್ಲಿಸಿದ ದೀಪಗಳು, ಕಲ್ಲನ್ನು ಅಳತೆಯಂತೆ ತಿರುಗಿಸುವ ಪೀಠ, ಪಕ್ಕದಲ್ಲಿ ಬಣ್ಣದ ಪಟ್ಟಿ ಮತ್ತು 1 ಸೆಂಟಿಮೀಟರಿನ ಘನ: ಇವು ಇಂತಹ ವ್ಯವಸ್ಥೆಯ ಮುಖ್ಯ ಅಂಗಗಳು. ಬಿಳಿಯ ಪರದೆಯಿಂದ ಸೋಸಿ ಬರುವ ಮೃದುವಾದ ಬೆಳಕು ಬಣ್ಣವನ್ನು ತಿಳಿಸುತ್ತದೆ; ಒಂದು ಪಕ್ಕದಿಂದ ಓರೆಯಾಗಿ ಬೀಳುವ ಬೆಳಕು ನೆರಳುಗಳ ಮೂಲಕ ಉಬ್ಬುತಗ್ಗುಗಳನ್ನು ತೋರಿಸುತ್ತದೆ. ವಾಯುಮಂಡಲವನ್ನು ಹಾಯುವಾಗ ಕರಗಿ ಉಂಟಾದ ಕಪ್ಪು ಹೊರಪದರವು ಹೊಳಪುಳ್ಳದ್ದಾದರೆ, ದೀಪದ ಪ್ರತಿಬಿಂಬವೇ ವಿವರಗಳನ್ನು ಮರೆಮಾಡುತ್ತದೆ. ಕಬ್ಬಿಣದ ಉಲ್ಕಾಶಿಲೆಯನ್ನು ಕೊಯ್ದು, ನಯಗೊಳಿಸಿ, ಆಮ್ಲ ಸವರಿದಾಗ ಮೂಡುವ ಪಟ್ಟಿಗಳಂತೂ ಬೆಳಕಿನ ದಿಕ್ಕು ಬದಲಾದಂತೆ ಮಿನುಗಿ ಮಸುಕಾಗುತ್ತವೆ.

ಒಳ್ಳೆಯ ಕ್ಯಾಮೆರಾ ಇದ್ದರೆ ಸಾಲದೇ, ಇಷ್ಟೆಲ್ಲ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಮನೆಯ ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಅಷ್ಟೇ ಸಾಕು. ಆದರೆ ವಿಜ್ಞಾನಿಗೆ ಚಿತ್ರವು ಸಾಕ್ಷಿ. ಎರಡು ಕಲ್ಲುಗಳನ್ನು ಹೋಲಿಸಬೇಕಾದರೆ ಎರಡರ ಮೇಲೂ ಒಂದೇ ಬೆಳಕು ಬಿದ್ದಿರಬೇಕು. ಇಲ್ಲವಾದರೆ ದೀಪಗಳ ವ್ಯತ್ಯಾಸವನ್ನೇ ಕಲ್ಲುಗಳ ವ್ಯತ್ಯಾಸವೆಂದು ಭ್ರಮಿಸುವ ಅಪಾಯವುಂಟು. ಮೇಲಾಗಿ, ಪರೀಕ್ಷೆಗಾಗಿ ಒಮ್ಮೆ ಕತ್ತರಿಸಿದ ಶಿಲೆ ಮತ್ತೆ ಇಡಿಯಾಗದು. ಅದರ ಪೂರ್ಣರೂಪ ಉಳಿಯುವುದು ಚಿತ್ರದಲ್ಲಿ ಮಾತ್ರ. ಆ ಚಿತ್ರವೇ ತಪ್ಪಾಗಿದ್ದರೆ ಮುಂದಿನ ತಲೆಮಾರಿನವರು ಅದನ್ನು ತಿದ್ದಿಕೊಳ್ಳುವ ಬಗೆಯೆಂತು?

ಆದಕಾರಣ ದೀಪ ಯಾವುದು, ಕೋನವೆಷ್ಟು, ದೂರವೆಷ್ಟು ಎಂಬುದನ್ನು ಪ್ರತಿಯೊಂದು ಚಿತ್ರದೊಡನೆ ಬರೆದಿಡುವುದು ಸಂಶೋಧಕನ ಕರ್ತವ್ಯ. ಕೋಟ್ಯಂತರ ಕಿಲೋಮೀಟರ್ ದೂರದಿಂದ ಬಂದ ಅತಿಥಿಯನ್ನು ಉಳ್ಳಂತೆಯೇ ಕಾಣುವುದು ಅದಕ್ಕೆ ಸಲ್ಲಿಸುವ ಮೊದಲ ಮರ್ಯಾದೆ.