ಎರಡು ಚಮಚದ ಜಗಳ

ಇಂಜಿನ್ ಬಿಚ್ಚಿದ ದಿನ ಗ್ಯಾರೇಜಿನಲ್ಲಿ ಎಲ್ಲರೂ ಮಾತನಾಡಿದರು, ನನ್ನೊಬ್ಬಳನ್ನು ಬಿಟ್ಟು. ಕಾರು ನನ್ನದು. ಅಪ್ಪ ಬಿಟ್ಟುಹೋದ 1982ರ ಅಂಬಾಸಿಡರ್. ರಿಪೇರಿಯ ದುಡ್ಡೂ ನನ್ನ ಸಂಬಳದ್ದೇ. ಆದರೂ ಮೇಸ್ತ್ರಿ ಮುಖ ತಿರುಗಿಸಿ ನಿಂತಿದ್ದು ನನ್ನ ಅಕ್ಕನ ಮಗನ ಕಡೆಗೆ. ಅವನೋ, “ನೀನು ಸುಮ್ನಿರು ಚಿಕ್ಕಮ್ಮಾ, ಇದೆಲ್ಲ ನಿಂಗೆ ತಿಳಿಯೋದಲ್ಲ” ಎಂದುಬಿಟ್ಟ.

ಅವನ ಮೊದಲ ಸಲಹೆ, ಹಳೆಯ ಇಂಜಿನ್ನನ್ನು ಗುಜರಿಗೆ ಹಾಕಿ ಡೀಸೆಲ್ ಇಂಜಿನ್ ಕೂರಿಸುವುದು. ನಾನು ಒಪ್ಪಲಿಲ್ಲ. ಎರಡನೆಯದು, ಇರುವ ಇಂಜಿನ್ನನ್ನೇ ಉಳಿಸಿ ಅದರ ಕಂಪ್ರೆಶನ್ ರೇಶಿಯೋ ಏರಿಸುವುದು. “1955ರ ಎಂ.ಜಿ.ಎ. ಸ್ಪೋರ್ಟ್ಸ್ ಕಾರಿನಲ್ಲಿ ಇದೇ ವಂಶದ 1489 ಸಿ.ಸಿ. ಇಂಜಿನ್ ಇತ್ತು. ಅದಕ್ಕೆ 8.3, ನಮ್ಮದಕ್ಕೆ ಬರೀ 7.2. ಹೆಡ್ ಉಜ್ಜಿಸಿದರಾಯ್ತು!”

ಅಂದು ರಾತ್ರಿ ಅಪ್ಪನ ಕಾಲದ ಕೈಪಿಡಿ ತೆಗೆದು ಕೂತೆ. ನಾಲ್ಕು ಸಿಲಿಂಡರುಗಳಿಗೆ 1489 ಸಿ.ಸಿ. ಎಂದರೆ ಒಂದೊಂದಕ್ಕೆ ಸುಮಾರು 372. ಪಿಸ್ಟನ್ ಪೂರ್ತಿ ಮೇಲೇರಿದಾಗ ಅದರ ತಲೆಯ ಮೇಲೆ ಉಳಿಯುವ ಜಾಗ 60. ಎರಡೂ ಕೂಡಿದರೆ 432. ಅದನ್ನು 60ರಿಂದ ಭಾಗಿಸಿ, 7.2 ಬಂತು. ಕೆಳಗಿದ್ದಾಗಿನ ಗಾಳಿ-ಪೆಟ್ರೋಲು ಎಷ್ಟರಲ್ಲೊಂದು ಪಾಲಿಗೆ ಒತ್ತಿಹೋಗುತ್ತದೆ ಎಂಬ ಲೆಕ್ಕ ಅಷ್ಟೆ. ಅದು 8.3 ಆಗಬೇಕಾದರೆ 60 ಇದ್ದದ್ದು 51 ಆಗಬೇಕು. ವ್ಯತ್ಯಾಸ 9 ಸಿ.ಸಿ. ಎರಡು ಟೀ ಚಮಚಕ್ಕೂ ಕಡಿಮೆ! ಮಗುವಿಗೆ ಔಷಧಿ ಅಳೆದು ಕುಡಿಸುವವರಿಗೆ ತಿಳಿಯದ ಬ್ರಹ್ಮವಿದ್ಯೆಯೇ ಇದು?

ಹುಡುಗನ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಹಿಂದಿನ ಪೆಟ್ರೋಲು ಸಾಧಾರಣದ್ದು. ಹೆಚ್ಚು ಒತ್ತಿದರೆ ಇಂಜಿನ್ ‘ನಾಕಿಂಗ್’ ಹೊಡೆಯುತ್ತಿತ್ತು, ಅದಕ್ಕೇ ಒತ್ತಡ ಕಡಿಮೆ ಇಟ್ಟರು. ಇಂದಿನ ಪೆಟ್ರೋಲು 8.3ನ್ನು ತಡೆದುಕೊಳ್ಳುತ್ತದೆ. ಆದರೆ ಲಾಭವೆಷ್ಟು? ಪುಸ್ತಕದ ಲೆಕ್ಕದಲ್ಲಿ ನೂರಕ್ಕೆ ನಾಲ್ಕೈದು. ಎಂ.ಜಿ.ಎ.ಗೆ ಎರಡು ಕಾರ್ಬುರೇಟರ್ ಇದ್ದವು ಎಂಬುದನ್ನು ಅವನು ಹೇಳಲೇ ಇಲ್ಲ.

ನಷ್ಟದ ಮಾತೂ ಅವನ ಬಾಯಲ್ಲಿ ಬರಲಿಲ್ಲ. ಉಜ್ಜಿದ ಕಬ್ಬಿಣ ಮತ್ತೆ ಬೆಳೆಯುವುದಿಲ್ಲ. ಮುಂದೊಂದು ದಿನ ಇಂಜಿನ್ ಕಾದು ಹೆಡ್ ಸೊಟ್ಟಗಾದರೆ, ಮಟ್ಟ ಮಾಡಲು ಆಗ ಉಜ್ಜಲೇಬೇಕು. ಈಗಲೇ ಶೋಕಿಗೆ ಉಜ್ಜಿ ಮುಗಿಸಿದ್ದರೆ ಆಗ ಎಲ್ಲಿಂದ ತರುವುದು? 2000ದಿಂದ ನಮ್ಮ ಪೆಟ್ರೋಲಿನಲ್ಲಿ ಸೀಸವಿಲ್ಲ. ಹಳೆಯ ಕಬ್ಬಿಣದ ಹೆಡ್ಡಿಗೆ ಗಟ್ಟಿ ವಾಲ್ವ್ ಸೀಟು ಬೇಕು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್. ಹಳೆಯ ರಬ್ಬರ್ ಪೈಪುಗಳನ್ನು ಬದಲಿಸಬೇಕು. ರೇಡಿಯೇಟರ್ ಬೇರೆ ಕಟ್ಟಿಕೊಂಡಿದೆ. ಇದ್ದ ದುಡ್ಡು ಅಲ್ಲಿಗೆ ಹೋಗಬೇಡವೇ? ಎಂಬತ್ತು ದಾಟಿದ ಅಮ್ಮನನ್ನು ತಿಂಗಳಿಗೆರಡು ಸಲ ಆಸ್ಪತ್ರೆಗೆ ಕರೆದೊಯ್ಯುವ ಕಾರು ದಾರಿಯಲ್ಲಿ ನಿಲ್ಲಬಾರದು, ಅಷ್ಟೇ.

ಮರುದಿನ ಮೇಸ್ತ್ರಿಗೆ ಹೇಳಿದೆ: “ರೀಬೋರ್ ಮಾಡಿ, ಗಟ್ಟಿ ಸೀಟು ಹಾಕಿ, 7.2 ಹಾಗೇ ಇರಲಿ.” ಅವನು ತಲೆ ಕೆರೆದುಕೊಂಡು, “ಯಜಮಾನ್ರನ್ನ ಒಂದ್ಮಾತು ಕೇಳ್ಬಿಡಿ ಅಮ್ಮಾ” ಎಂದ.

ಕೇಳಲಿಲ್ಲ. ನನ್ನ ಲೆಕ್ಕ ನಾಳೆ ತಪ್ಪೆಂದು ತೋರಿದರೂ ತೋರಲಿ. ಗಂಡಸರ ಎಷ್ಟೋ ತಪ್ಪು ಲೆಕ್ಕಗಳಿಗೆ ನಾವು ಮರುಮಾತಿಲ್ಲದೆ ದುಡ್ಡು ತೆತ್ತಿಲ್ಲವೇ? ಈ ಸಲ ತಪ್ಪಾದರೂ ಅದು ನನ್ನದೇ ಆಗಿರಲಿ.