ಗಾಲ್ಫ್ ಹೋಯಿತು, ಗೋಮಾಳ ಬಂತು

“ಇಷ್ಟು ಜಾಗ ಯಾರದ್ದೇ?”

ಕಳೆದ ಜೂನ್ ತಿಂಗಳ ಒಂದು ಸಂಜೆ ಅಮ್ಮ ಕೇಳಿದ ಪ್ರಶ್ನೆ ಇದು. ಸಾಗರ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಮಿನ್ನೆಸೋಟಕ್ಕೆ ಬಂದು ಅವಳಿಗೆ ಆಗಷ್ಟೇ ನಾಲ್ಕು ದಿನವಾಗಿತ್ತು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬರುವ ನಮ್ಮ ಕಡೆಯ ತಂದೆತಾಯಂದಿರ ಪಾಡು ಗೊತ್ತಿರುವವರಿಗೆ ಗೊತ್ತು. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೊರಟುಬಿಡುತ್ತಾರೆ. ಕಾರು ಓಡಿಸಲು ಬಾರದವರು ಕಿಟಕಿಯ ಪಕ್ಕ ಕೂತು ಸಂಜೆಯ ದಾರಿ ಕಾಯಬೇಕು. ಅಮ್ಮನಿಗೆ ಎಪ್ಪತ್ನಾಲ್ಕು ವರ್ಷ. ತೋಟ, ಕೊಟ್ಟಿಗೆ, ಬೆಟ್ಟ ಎಂದು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದ ಕಾಲುಗಳು ಅವಳವು. ಹಾಗಾಗಿ ನಾನು ಆಸ್ಪತ್ರೆಯ ಲ್ಯಾಬಿನ ಕೆಲಸ ಮುಗಿಸಿ ಬಂದ ಕೂಡಲೇ ಮಗನನ್ನೂ ಕರೆದುಕೊಂಡು ಮೂವರೂ ಡಿಸ್ಕ್ ಗಾಲ್ಫ್ ಆಡುವ ಕಾಡಿಗೆ ಹೊರಟೆವು.

“ಊರಿನದ್ದಮ್ಮ” ಎಂದೆ.

“ಊರಿನದ್ದು ಅಂದ್ರೆ? ಯಾರು ಬೇಕಾದ್ರೂ ಬರಬಹುದಾ? ದುಡ್ಡು ಕೊಡೋದು ಬೇಡವಾ?”

“ಬೇಡ.”

ಅವಳು ಸುತ್ತ ಒಮ್ಮೆ ನೋಡಿದಳು. “ಹಾಗಾದ್ರೆ ಇದು ಗೋಮಾಳ” ಎಂದಳು.

ಹತ್ತೊಂಬತ್ತು ವರ್ಷಗಳಿಂದ ಈ ದೇಶದಲ್ಲಿದ್ದೇನೆ, ಎಂಟು ವರ್ಷಗಳಿಂದ ಈ ಮರಗಳ ನಡುವೆ ಆಡುತ್ತಿದ್ದೇನೆ. ಈ ಜಾಗಕ್ಕೆ ಒಪ್ಪುವ ಹೆಸರು ನನಗೆ ಹೊಳೆದಿರಲಿಲ್ಲ.

ಇದು ಹಿಂದೆ ಹದಿನೆಂಟು ಹೋಲ್‌ಗಳ ಗಾಲ್ಫ್ ಮೈದಾನವಾಗಿತ್ತು. ಸದಸ್ಯರಿಗೆ ಮತ್ತು ಶುಲ್ಕ ಕೊಟ್ಟವರಿಗೆ ಮಾತ್ರ ಪ್ರವೇಶ. 2010ರಲ್ಲಿ ನಷ್ಟವಾಗಿ ಮುಚ್ಚಿತು. ಅರ್ಧ ಜಾಗದಲ್ಲಿ ಮನೆಗಳೆದ್ದವು. ಉಳಿದರ್ಧವನ್ನು ಊರಿನವರು ಮತ ಹಾಕಿ ಉದ್ಯಾನಕ್ಕೆಂದು ಉಳಿಸಿಕೊಂಡರು. ಆರು ವರ್ಷ ಅಲ್ಲಿ ಯಾರೂ ಹುಲ್ಲು ಕತ್ತರಿಸಲಿಲ್ಲ. ಆ ಆರು ವರ್ಷಗಳಲ್ಲೇ ಕಾಡು ಹಿಂತಿರುಗಲು ಶುರುಮಾಡಿತು. ಮರಳಿನ ಹೊಂಡಗಳಲ್ಲಿ ವಿಲ್ಲೋ ಗಿಡಗಳು ಎದ್ದವು, ಅಂಚುಗಳಲ್ಲಿ ಆಸ್ಪೆನ್ ಸಸಿಗಳು ಗುಂಪುಗುಂಪಾಗಿ ನುಗ್ಗಿದವು. ಆಮೇಲೆ ಬಂದವು ಬುಟ್ಟಿಗಳು.

ಆಟ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಗಾಲ್ಫ್‌ನಲ್ಲಿ ಚೆಂಡನ್ನು ಹೊಡೆದು ಕುಳಿಗೆ ಬೀಳಿಸುತ್ತಾರೆ. ಇಲ್ಲಿ ಊಟದ ತಟ್ಟೆಗಿಂತ ಚಿಕ್ಕದಾದ ಪ್ಲಾಸ್ಟಿಕ್ ಡಿಸ್ಕನ್ನು ಎಸೆದು, ಕಂಬಕ್ಕೆ ಸಿಕ್ಕಿಸಿದ ಕಬ್ಬಿಣದ ಬುಟ್ಟಿಗೆ ಹಾಕಬೇಕು. ಬುಟ್ಟಿಯ ಮೇಲೆ ಸರಪಳಿಗಳು ತೂಗುತ್ತಿರುತ್ತವೆ. ಡಿಸ್ಕ್ ಅವಕ್ಕೆ ತಗುಲಿ ಝಣ್ ಎಂದು ಒಳಗೆ ಬೀಳುತ್ತದೆ. ಕಡಿಮೆ ಎಸೆತಗಳಲ್ಲಿ ಮುಗಿಸಿದವರು ಗೆದ್ದಂತೆ. ಫ್ರಿಸ್ಬೀ ತಯಾರಿಸುತ್ತಿದ್ದ ವ್ಯಾಮ್-ಓ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ಎಂಬಾತ 1975ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಬಳಿ ಓಕ್ ಗ್ರೋವ್ ಪಾರ್ಕಿನಲ್ಲಿ ಇದಕ್ಕೆ ಮೊದಲ ಕಾಯಂ ಅಂಗಳ ಮಾಡಿದ. ಸರಪಳಿ ಬುಟ್ಟಿ ಅವನದೇ ಕಲ್ಪನೆ. ಆ ಪಾರ್ಕಿನ ಹೆಸರಿನಲ್ಲೇ ಓಕ್ ತೋಪು ಇದೆ. ಅಂದರೆ ಈ ಆಟದ ಮೊದಲ ಕಾಯಂ ಅಂಗಳ ಹುಟ್ಟಿದ್ದೇ ಮರಗಳ ಕೆಳಗೆ. ಹೆಡ್ರಿಕ್ 2002ರಲ್ಲಿ ತೀರಿಕೊಂಡಾಗ, ಅವನ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್‌ನಲ್ಲಿ ಬೆರೆಸಿ ಡಿಸ್ಕ್‌ಗಳನ್ನು ಮಾಡಿದರು.

ನಮ್ಮ ಅಂಗಳವನ್ನು ಯೋಜಿಸಿದವರು ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. ಗಾಲ್ಫ್ ಇದ್ದಾಗ ಹುಲ್ಲುಹಾಸಿನ ಓಣಿಗಳಲ್ಲಿ ಆಟ ನಡೆಯುತ್ತಿತ್ತು, ಓಣಿಗಳ ನಡುವಿನ ಮರಗಳ ಸಾಲು ಬರೀ ಬೇಲಿಯಾಗಿತ್ತು. ಇವರು ಅದನ್ನು ಅದಲುಬದಲು ಮಾಡಿಬಿಟ್ಟರು. ಬುಟ್ಟಿಗಳನ್ನು ಮರಗಳ ಸಾಲಿನೊಳಗೆ ನೆಟ್ಟರು, ಹುಲ್ಲುಹಾಸನ್ನು ಅದರ ಪಾಡಿಗೆ ಬಿಟ್ಟರು. ಈಗ ಅಲ್ಲೆಲ್ಲ ಎದೆಮಟ್ಟ ಹುಲ್ಲು, ನಡುನಡುವೆ ಮಿಲ್ಕ್‌ವೀಡ್ ಗಿಡ. ಅಮ್ಮ ಅದರ ಒಂದು ಎಲೆ ಚಿವುಟಿದಳು. ತೊಟ್ಟಿನಿಂದ ಬಿಳಿ ಹಾಲು ಜಿನುಗಿ ಅವಳ ಹೆಬ್ಬೆರಳಿಗೆ ಅಂಟಿತು. ಮೂಸಿ ನೋಡಿ, “ಇದು ನಮ್ಮ ಎಕ್ಕದ ಪೈಕಿಯೇ” ಎಂದಳು. ನಿಜವೇ, ಎರಡೂ ಒಂದೇ ಕುಟುಂಬದ ಗಿಡಗಳು. ಇಲ್ಲಿನ ಮೊನಾರ್ಕ್ ಚಿಟ್ಟೆಯ ಹುಳು ಈ ಎಲೆ ತಿಂದು ಬೆಳೆಯುತ್ತದೆ. ಅದರ ಹತ್ತಿರದ ಬಂಧುವೊಂದು ನಮ್ಮೂರಿನ ಎಕ್ಕದ ಎಲೆಯ ಮೇಲೆ ಬೆಳೆಯುತ್ತದೆ. ಅಮ್ಮ ಎಲೆ ತಿರುವಿದಾಗ ಅಡಿಯಲ್ಲಿ ಹಳದಿ, ಕಪ್ಪು, ಬಿಳಿ ಪಟ್ಟೆಯ ಹುಳು ಇತ್ತು. ನನ್ನ ಮಗ ಎರಡು ಹೋಲ್ ಆಡುವುದನ್ನು ಬಿಟ್ಟು ಅದನ್ನೇ ನೋಡುತ್ತ ಕೂತ.

ಏಳನೆಯ ಹೋಲ್ ಬಗ್ಗೆ ಹೇಳಲೇಬೇಕು. ಎಸೆಯುವ ಕಟ್ಟೆಯಿಂದ ಬುಟ್ಟಿ ಕಾಣುವುದಿಲ್ಲ. ಮುಂದೆ ಎರಡು ಬರ್ ಓಕ್ ಮರಗಳು, ನಡುವೆ ಎರಡು ಮಾರು ಅಂತರ. ಅದನ್ನು ದಾಟಿದರೆ ಬಾಸ್‌ವುಡ್ ಮರಗಳ ಇಳಿಜಾರು, ಆಮೇಲೆ ದಾರಿ ಎಡಕ್ಕೆ ತಿರುಗುತ್ತದೆ. ಒಟ್ಟು ಎಂಬತ್ತು ಮೀಟರ್ ಚಿಲ್ಲರೆ. ಬಲಗೈಯವರು ಎದೆಯ ಅಡ್ಡಕ್ಕೆ ಎಳೆದು ಎಸೆದ ಡಿಸ್ಕ್ ವೇಗ ಕಳೆದುಕೊಳ್ಳುತ್ತಿದ್ದಂತೆ ತಾನಾಗಿಯೇ ಎಡಕ್ಕೆ ವಾಲುತ್ತದೆ. ಆದ್ದರಿಂದ ಅದನ್ನು ಸಮತಟ್ಟಾಗಿ ಆ ಎರಡು ಮರಗಳ ನಡುವೆ ಕಳಿಸಿಬಿಟ್ಟರೆ ಸಾಕು, ಮಿಕ್ಕ ತಿರುವನ್ನು ಅದೇ ತೆಗೆದುಕೊಳ್ಳುತ್ತದೆ. ಹದಿನೈದರ ನನ್ನ ಮಗ ಅಂದು ರಟ್ಟೆಯ ಬಲವನ್ನೆಲ್ಲ ಹಾಕಿ ಎಸೆದ. ಎಡಗಡೆಯ ಓಕ್‌ಗೆ ಠಕ್ ಎಂದು ಬಡಿದು ಡಿಸ್ಕ್ ಮುಳ್ಳುಪೊದೆಗೆ ಹಾರಿತು. ಅಂಗಳದಲ್ಲಿ ನಮಗೆ ಜತೆಯಾಗಿದ್ದ ಎಪ್ಪತ್ತೊಂದರ ಅಜ್ಜರೊಬ್ಬರು ತೋಳನ್ನು ಅರ್ಧವಷ್ಟೇ ಹಿಂದೆಳೆದು ಬಿಟ್ಟರು. ಡಿಸ್ಕ್ ಎದೆಯೆತ್ತರದಲ್ಲಿ ಅಲುಗಾಡದೆ ಹೋಗಿ, ಬಾಸ್‌ವುಡ್‌ಗಳ ಹತ್ತಿರ ಎಡಕ್ಕೆ ಬಾಗಿ ಕಣ್ಮರೆಯಾಯಿತು. ಹೋಗಿ ನೋಡಿದರೆ ಬುಟ್ಟಿಯಿಂದ ಮೂರು ಹೆಜ್ಜೆ ದೂರದಲ್ಲಿತ್ತು. ಬಯಲಿನ ಅಂಗಳಗಳಲ್ಲಿ ದೂರ ಎಸೆಯುವವರದೇ ರಾಜ್ಯಭಾರ. ಕಾಡಿನಲ್ಲಿ ಮರ ನೋಡಿ ದಾರಿ ಹಿಡಿಯುವವರು ಗೆಲ್ಲುತ್ತಾರೆ. ಅದಕ್ಕೇ ಇಲ್ಲಿ ಅಜ್ಜ, ಮೊಮ್ಮಗ ಒಟ್ಟಿಗೆ ಆಡಬಹುದು. ಮಗನ ಡಿಸ್ಕನ್ನು ಮುಳ್ಳಿನಿಂದ ಬಿಡಿಸಿ ತಂದವಳು ಅಮ್ಮ. ಜತೆಗೆ ಮಣ್ಣು ಮೆತ್ತಿದ ಎರಡು ಹಳೇ ಗಾಲ್ಫ್ ಚೆಂಡುಗಳನ್ನೂ ತಂದಳು.

ಆ ಅಜ್ಜ ಇದೇ ಮೈದಾನದಲ್ಲಿ ಇಪ್ಪತ್ತಾರು ವರ್ಷ ಹುಲ್ಲು ಕತ್ತರಿಸಿದವರು. ಕುಳಿಯ ಸುತ್ತಲಿನ ಹಸಿರನ್ನು ದಿನಾ ಬೆಳಗಿನ ಜಾವ ಮೂರು-ನಾಲ್ಕು ಮಿಲಿಮೀಟರಿಗೆ ಇಳಿಸಬೇಕಿತ್ತಂತೆ. ಹಿಮ ಬೀಳುವ ಮುನ್ನ ಹುಲ್ಲಿಗೆ ಬೂಷ್ಟು ಹಿಡಿಯದಂತೆ ಔಷಧಿ ಹೊಡೆಯಬೇಕಿತ್ತು. 1990ರ ದಶಕದ ಆರಂಭದವರೆಗೂ ಅಮೆರಿಕದ ಗಾಲ್ಫ್ ಮೈದಾನಗಳಲ್ಲಿ ಇದಕ್ಕೆ ಪಾದರಸ ಬೆರೆತ ಔಷಧಿಗಳು ಬಳಕೆಯಲ್ಲಿದ್ದವು. ಆ ಹಳೆಯ ಹಸಿರಿನ ತುಂಡುಗಳಲ್ಲಿ ನಮ್ಮ ಅಂಗಳದವರು ಒಂದು ಬುಟ್ಟಿಯನ್ನೂ ನೆಟ್ಟಿಲ್ಲ. ಓಕ್ ಮರಗಳ ಎಲೆ ಉದುರಿದರೆ ಬೆಳಗಾಗುವುದರೊಳಗೆ ಎಲ್ಲ ಗುಡಿಸಿರಬೇಕಿತ್ತು, ಒಂದು ಎಲೆ ಉಳಿದರೂ ಬೈಸಿಕೊಳ್ಳಬೇಕಿತ್ತು ಎಂದರು. ಅಕ್ಟೋಬರ್‌ನಲ್ಲಿ ಅಮ್ಮ ಅದೇ ಮರಗಳ ಕೆಳಗೆ ಪಾದ ಮುಳುಗುವಷ್ಟು ತರಗೆಲೆಯಲ್ಲಿ ನಡೆದಳು. ಸೊಪ್ಪಿನ ಬೆಟ್ಟದಿಂದ ತರಗೆಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ಅಡಿಕೆ ಮರ ಸಾಕಿದವಳಿಗೆ ಅದು ಕಸವಲ್ಲ, ಸಂಪತ್ತು. “ಇದನ್ನ ಗುಡಿಸಿ ಎಸೀತಿದ್ರಾ!” ಎಂದು ಅವಳು ಎರಡು ಸಲ ಕೇಳಿದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ, ಅಜ್ಜ ತಲೆದೂಗಿದರು.

ಈ ಆಟದಿಂದ ಕಾಡಿಗೆ ತೊಂದರೆಯೇ ಇಲ್ಲ ಎಂದು ನಾನು ಹೇಳಲಾರೆ. ಡಿಸ್ಕ್ ಬಡಿದು ಬಡಿದು ತೊಗಟೆ ಜಜ್ಜಿಹೋಗುತ್ತದೆ. ಬುಟ್ಟಿಯ ಸುತ್ತ ತುಳಿದು ತುಳಿದು ಮಣ್ಣು ಗಟ್ಟಿಯಾಗಿ ಬೇರು ಮೇಲೆ ಬರುತ್ತದೆ. ಇದಕ್ಕೆ ಮದ್ದಿದೆ: ಮರದ ಚಕ್ಕೆ ಹಾಸುವುದು, ವರ್ಷಕ್ಕೊಮ್ಮೆ ಬುಟ್ಟಿಯ ಜಾಗ ಬದಲಿಸುವುದು. ಮದ್ದಿಲ್ಲದ್ದು ಆಸೆಗೆ. ಎರಡು ವರ್ಷದ ಹಿಂದೆ, ದೊಡ್ಡ ಪಂದ್ಯ ನಡೆಸಬೇಕು, ಅದಕ್ಕೆ ಏಳನೆಯ ಹೋಲ್‌ನ ಎಡಗಡೆಯ ಓಕ್ ಕಡಿದು ದಾರಿ ಅಗಲ ಮಾಡೋಣ ಎಂಬ ಮಾತು ಎದ್ದಿತು. ಸಭೆಯಲ್ಲಿ ನಾನು ಎದ್ದು ನಿಂತು ವಿರೋಧಿಸಿದೆ. ಮರ ಅಡ್ಡ ಬರುತ್ತದೆ ಎನ್ನುವುದಾದರೆ ನಾವು ಗಾಲ್ಫ್‌ಗೇ ವಾಪಸ್ ಹೋಗಬಹುದಲ್ಲ ಎಂದೆ. ಅಜ್ಜ ಎದ್ದು, ಈ ಮರ ಮೈದಾನಕ್ಕಿಂತ ಹಳೆಯದು ಎಂದಷ್ಟೇ ಹೇಳಿ ಕೂತರು. ಮರ ಉಳಿಯಿತು.

ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಗಾಲ್ಫ್ ಮೈದಾನಗಳನ್ನು ಅಳತೆ ಮೀರಿ ಕಟ್ಟಿದರು, ಬಹಳಷ್ಟನ್ನು ಸುತ್ತಲಿನ ಮನೆ ಮಾರಲೆಂದೇ ಕಟ್ಟಿದರು. 2006ರಿಂದ ಈಚೆಗೆ ಹೊಸದಾಗಿ ತೆರೆದವುಗಳಿಗಿಂತ ಮುಚ್ಚಿದವೇ ಹೆಚ್ಚು. ಹದಿನೆಂಟು ಹೋಲ್‌ಗಳ ಒಂದು ಮೈದಾನಕ್ಕೆ ನೂರೈವತ್ತು ಎಕರೆಯ ಹತ್ತಿರ ಜಾಗ ಬೇಕು. ಅದು ಮುಚ್ಚಿದ ಮರುದಿನವೇ ಸೈಟು ಮಾಡುವವರು ಬಾಗಿಲಲ್ಲಿರುತ್ತಾರೆ. ನಮ್ಮದೇ ರಾಜ್ಯದ ಕ್ಲಿಯರ್‌ವಾಟರ್‌ನಲ್ಲಿ ಈಗಲ್ ಟ್ರೇಸ್ ಎಂಬ ಗಾಲ್ಫ್ ಮೈದಾನ ಇದ್ದ ಜಾಗವನ್ನು ವೃತ್ತಿಪರ ಆಟಗಾರ ಕೇಲ್ ಲೀವಿಸ್ಕಾ ಡಿಸ್ಕ್ ಗಾಲ್ಫ್ ಅಂಗಳ ಮಾಡಿದರು, ಅಲ್ಲಿ ದೇಶದ ದೊಡ್ಡ ಪಂದ್ಯಗಳು ನಡೆದಿವೆ. ಅಲ್ಲಿ ಶುಲ್ಕವಿದೆ. ಒಳ್ಳೆಯ ಅಂಗಳ, ನಾನೂ ಆಡಿದ್ದೇನೆ. ಆದರೂ ಬಾಗಿಲಿಲ್ಲದ ನಮ್ಮ ಊರಿನ ಕಾಡೇ ನನಗೆ ಮೇಲು. ಹತ್ತು-ಇಪ್ಪತ್ತು ಡಾಲರಿನ ಒಂದು ಡಿಸ್ಕ್ ಇದ್ದವರು ಇಲ್ಲಿಗೆ ಬರಬಹುದು. ಅದೂ ಇಲ್ಲದೆ ಅಮ್ಮನ ಹಾಗೆ ಸೀರೆಯ ಮೇಲೆ ಸ್ವೆಟರ್ ಹಾಕಿ ಬರೀ ನಡೆಯಲೂ ಬರಬಹುದು. ಗಾಲ್ಫ್ ಗಾಡಿಗಳಿಗೆಂದು ಹಾಕಿದ್ದ ಡಾಂಬರು ದಾರಿ ಅವಳ ಮಂಡಿಗೆ ಹಿತವಾಗಿತ್ತು.

ನಮ್ಮ ಕರ್ನಾಟಕದಲ್ಲಿ ನಡೆದದ್ದು ಇದರ ತಿರುಗುಮುರುಗು. ಬೆಂಗಳೂರಿನ ಚಲ್ಲಘಟ್ಟದ ಕೆರೆಯಂಗಳ ಗಾಲ್ಫ್ ಮೈದಾನವಾಯಿತು. ಎಲ್ಲರ ನೀರಿದ್ದ ಜಾಗಕ್ಕೆ ಕೆಲವರ ಆಟ ಬಂತು. ಗೋಮಾಳಗಳದು ಇನ್ನೂ ದೊಡ್ಡ ಕಥೆ. ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗೋಮಾಳಕ್ಕೆ ಬಿಡಬೇಕು ಎಂದು ಕರ್ನಾಟಕ ಭೂಕಂದಾಯ ನಿಯಮವೇ ಹೇಳುತ್ತದೆ. ಹದಿನೆಂಟು ಬುಟ್ಟಿಗಳ ಒಂದು ಕಾಡಿನ ಅಂಗಳಕ್ಕೆ ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ ಜಾಗ. ಅಮ್ಮ ಹುಡುಗಿಯಾಗಿದ್ದಾಗ ದನ ಹೊಡೆದುಕೊಂಡು ಹೋಗುತ್ತಿದ್ದ ಗೋಮಾಳದಲ್ಲಿ ಮುತ್ತುಗ, ನೇರಳೆ, ಹೊಳೆಗೇರು ಇದ್ದವಂತೆ. ಹುಡುಗರು ಲಗೋರಿ, ಚಿನ್ನಿದಾಂಡು ಆಡುತ್ತಿದ್ದುದೂ ಅಲ್ಲೇ. ಇಂದು ಅದು ಒಂದಷ್ಟು ಒತ್ತುವರಿ, ಒಂದಷ್ಟು ಸೈಟು. ದನ ಕಡಿಮೆಯಾದವು, ಇನ್ನು ಗೋಮಾಳ ಯಾಕೆ ಎಂದು ಕೇಳುವವರಿದ್ದಾರೆ. ಇಲ್ಲಿ ಗಾಲ್ಫ್ ಆಡುವವರು ಕಡಿಮೆಯಾದಾಗಲೂ ಇದೇ ಪ್ರಶ್ನೆ ಎದ್ದಿತ್ತು. ಆಗ ಇಲ್ಲಿನ ಊರು ಕೊಟ್ಟ ಉತ್ತರ ನನಗೆ ಸರಿ ಕಂಡಿದೆ: ಬಳಕೆ ನಿಂತ ಮಾತ್ರಕ್ಕೆ ಜಾಗ ಮಾರಾಟದ ಸರಕಾಗುವುದಿಲ್ಲ, ಮರ ಬರಲಿ, ಮಕ್ಕಳು ಬರಲಿ. ನಮ್ಮ ಹಳ್ಳಿಗಳಲ್ಲಿ ಡಿಸ್ಕ್ ಗಾಲ್ಫ್ ಬರಬೇಕೆಂದು ನಾನು ಕೇಳುತ್ತಿಲ್ಲ. ಲಗೋರಿ ಆಡಲಿ, ದನ ಮೇಯಲಿ, ನೇರಳೆ ಹಣ್ಣು ಹೆಕ್ಕಲಿ. ಜಾಗ ಉಳಿಯಬೇಕು, ಮರ ಉಳಿಯಬೇಕು, ಬಾಗಿಲು ಹಾಕಬಾರದು.

ಅಮ್ಮ ನವೆಂಬರ್‌ನಲ್ಲಿ ಹಿಂತಿರುಗಿದಳು. ಹೋದ ವಾರ ತಮ್ಮನ ಜತೆ ನಾಡಕಚೇರಿಗೆ ಹೋಗಿ ನಮ್ಮ ಗ್ರಾಮದ ಗೋಮಾಳದ ಪಹಣಿ ತೆಗೆಸಿದ್ದಾಳೆ. ಎಷ್ಟು ಎಕರೆ ಎಂದು ಬರೆದಿದೆ, ನೆಲದ ಮೇಲೆ ಎಷ್ಟಿದೆ ಎಂದು ಈ ಭಾನುವಾರ ನಡೆದು ನೋಡುತ್ತಾಳಂತೆ. ಇದನ್ನು ಓದುತ್ತಿರುವ ನೀವೂ ನಿಮ್ಮ ಊರಿನ ಗೋಮಾಳದ ಪಹಣಿ ತೆಗೆಸಿ, ಒಮ್ಮೆ ನಡೆದು ನೋಡಿ.